ಹಗೇವಿನ ಹಾವು

ಬಳೆಯ ಚೂರುಗಳು ಹಸಿರಾಗಿದ್ದವು ಎಂದು ಹೋದ ವರ್ಷ ಬರೆದಿಟ್ಟಿದ್ದೇನೆ. ಈಗ ಕಣ್ಣೆದುರು ಬರುವುದು ಕಪ್ಪು ಬಳೆ. ಎರಡರಲ್ಲಿ ಒಂದನ್ನು ನಾನೇ ಕಟ್ಟಿಕೊಂಡಿರಬೇಕು. ಬಣ್ಣ ಬಿಟ್ಟು ಉಳಿದದ್ದನ್ನು ಹೇಳುತ್ತೇನೆ, ಅದೂ ತಪ್ಪಿರಬಹುದು.

ಗೋಕಾಕದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಪ್ರತಿ ವರ್ಷ ಗ್ರೀಕರ ಕ್ರೀಟ್ ದ್ವೀಪದ ಕಥೆ ಬರುತ್ತದೆ. ಸೋತ ಅಥೆನ್ಸಿನವರು ಏಳು ಹುಡುಗರನ್ನೂ ಏಳು ಹುಡುಗಿಯರನ್ನೂ ಅಲ್ಲಿಗೆ ಕಳಿಸಬೇಕು. ಹೊರದಾರಿ ಸಿಗದ ಕತ್ತಲ ಕಟ್ಟಡದೊಳಗೆ ಗೂಳಿತಲೆಯ ಪ್ರಾಣಿ ಅವರನ್ನು ತಿನ್ನುತ್ತದೆ. ಮುಂದೆ ಪುರಾತತ್ವದವರು ಆ ದ್ವೀಪದಲ್ಲಿ ಅಗೆದಾಗ ಸುತ್ತುಬಳಸಿನ ದೊಡ್ಡ ಅರಮನೆ ಸಿಕ್ಕಿತು, ಗೋಡೆಯ ಮೇಲೆ ಗೂಳಿಯ ಚಿತ್ರ ಸಿಕ್ಕಿತು. ಹತ್ತಿರದ ಮನೆಯೊಂದರಲ್ಲಿ ಚಾಕುವಿನ ಗೀರು ಬಿದ್ದ ಮಕ್ಕಳ ಎಲುಬು ಸಿಕ್ಕವು. ಹಾಗಾದರೆ ಕಥೆ ನಿಜವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಆ ಮಕ್ಕಳು ಅಥೆನ್ಸಿನವರು ಎನ್ನಲು ಆಧಾರವಿಲ್ಲ ಎನ್ನುತ್ತೇನೆ. ಗೊತ್ತಿರುವುದು ಗೀರು ಚಾಕುವಿನದು ಎಂಬುದಷ್ಟೇ. ಗೂಳಿ ಚಾಕು ಹಿಡಿಯುವುದಿಲ್ಲ.

ತರಗತಿಯಲ್ಲಿ ಇದನ್ನು ಹೇಳುವುದು ಸುಲಭ.

ಮೂಡಲಗಿಯ ನಮ್ಮ ಮನೆಯಲ್ಲೂ ಒಂದು ಕಥೆಯಿತ್ತು. ಅಂಗಳದಲ್ಲಿ ಹಗೇವು, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಆಳುಮನೆಯ ಹುಡುಗಿಯೊಬ್ಬಳು ಜೋಳ ಕದಿಯಲು ಇಳಿದಳು, ಕಾವಲಿನ ಹಾವು ಕಚ್ಚಿ ಸತ್ತಳು. ನಾವು ಬೆಲ್ಲ ಕದ್ದಾಗಲೆಲ್ಲ ಹಿರಿಯರು ನಗುತ್ತ ಅವಳನ್ನು ನೆನಪಿಸುತ್ತಿದ್ದರು. ಆಟದಲ್ಲಿ ನಾನು ಯಾವಾಗಲೂ ಹಾವಾಗುತ್ತಿದ್ದೆ.

ಹೋದ ವರ್ಷ ಹೊಸ ಮನೆಗೆ ಅಂಗಳ ಅಗೆಸಿದಾಗ ಹಗೇವಿನ ಬಾಯಿ ಸಿಕ್ಕಿತು. ಮುಚ್ಚಿದ್ದ ಹಾಸುಗಲ್ಲನ್ನು ನಾಲ್ವರು ಗಂಡಸರು ಹಾರೆ ಹಾಕಿ ಸರಿಸಿದರು. ತಳದಲ್ಲಿ ಬಳೆಚೂರು.

ಸುದ್ದಿ ತಿಳಿದು ಹುಕ್ಕೇರಿಯಿಂದ ಆ ಹುಡುಗಿಯ ತಂಗಿ ಬಂದರು, ನಿವೃತ್ತ ಶಿಕ್ಷಕಿ. ಈಗ ಮನೆಗೆ ಹಿರಿಯರಾದ ಕಾಕಾ, ಅಪ್ಪನ ತಮ್ಮ, ನಮಗೆಲ್ಲ ಪಿಂಗಾಣಿಯ ಕಪ್ಪಿನಲ್ಲಿ, ಅವರೊಬ್ಬರಿಗೆ ಕಾಗದದ ಕಪ್ಪಿನಲ್ಲಿ ಚಹಾ ತರಿಸಿದರು.

"ನಮ್ಮವ್ವ ಸಾಯೂ ತನಕ ಕಳ್ಳಿ ತಾಯಿ ಅನಿಸಿಕೊಂಡ್ಲು," ಎಂದರು ಆಕೆ. "ಅಕ್ಕ ಕದ್ದಿಲ್ಲ ಅಂತ ನಿಮ್ಮ ಮನಿಯವರ ಬಾಯಿಂದ ಒಂದ ಮಾತು ಬೇಕ್ರಿ. ಅಷ್ಟ."

"ಅಕ್ಕೋರ, ಬಳಿ ಸಿಕ್ಕಾವಲ್ರಿ," ಕಾಕಾ ನಕ್ಕರು. "ಇಳಿದದ್ದು ಖರೆ ಆತು. ಇನ್ನ ಹಾವಿನ್ನ ಕರದು ಸಾಕ್ಷಿ ಹೇಳಸೂಣೇನು?"

ಬಳೆ ಯಾರದೂ ಇರಬಹುದು. ಆದರೆ ಹಗೇವು ತೆರೆದರೆ ಒಂದು ದಿನ ಗಾಳಿಯಾಡಲು ಬಿಡಬೇಕು, ಕಂದೀಲು ಇಳಿಸಿ ದೀಪ ಆರುತ್ತದೆಯೇ ನೋಡಬೇಕು. ಉಸಿರಾಡಲು ಗಾಳಿಯಿಲ್ಲದ ಆ ಕಣಜದೊಳಗೆ ಹಾವೂ ಬದುಕದು. ಅವಸರವಿದ್ದಾಗ ಕಂದೀಲಿನ ಬದಲು ಆಳುಮಕ್ಕಳನ್ನೇ ಇಳಿಸುತ್ತಿದ್ದರೆಂದು ಹಿಂದೊಮ್ಮೆ ಹೇಳಿದ್ದವರು ಕಾಕಾ. "ನಮ್ಮ ಮನಿ ಹುಡುಗರು ಇಳಿಯೂ ಪದ್ಧತಿ ಇರಲಿಲ್ಲ," ಎಂದಿದ್ದರು. ಆ ಹುಡುಗಿ ಸತ್ತ ದಿನ ಕಾಕಾಗೆ ಇಪ್ಪತ್ತು ವರ್ಷ, ಅಂಗಳದಲ್ಲೇ ಇದ್ದರು.

ನಾನು ಅವರನ್ನು ಕೇಳಿದೆ. ತಂಗಿಯ ಎದುರಿಗೇ ಕೇಳಿದೆನೆಂದು ಡೈರಿಯಲ್ಲಿದೆ. ಆಕೆ ಬಸ್ಸು ಹತ್ತಿದ ಮೇಲೆ ಕೇಳಿದೆ ಎಂದು ನನ್ನ ಗುಮಾನಿ. ಕಾಕಾ ಆಳುಗಳಿಗೆ ಹಗೇವು ತುಂಬಿಬಿಡಲು ಹೇಳಿದರು, ನನ್ನೊಂದಿಗೆ ಮಾತು ಬಿಟ್ಟರು. ಹುಕ್ಕೇರಿಯಿಂದ ಈಗಲೂ ತಿಂಗಳಿಗೊಮ್ಮೆ ಫೋನು ಬರುತ್ತದೆ, ಅವರೇನಂದ್ರು ಎಂದು. ನಾನು ಕೇಳಿದ್ದು ಇಷ್ಟೇ:

"ಕಾಕಾ, ಆ ಕಲ್ಲನ್ನ ಆಕಿ ಒಬ್ಬಾಕೀನ ಹೆಂಗ ಸರಿಸಿದ್ಲರಿ?"