ಗುಡುಗಿದಾಗ ಬಿಚ್ಚುವ ಹಸಿರು ತಂತಿ

ಸೇಲಂ ಹೊಸ ಬಸ್ ನಿಲ್ದಾಣದಲ್ಲಿ ಇಡ್ಲಿ ತಿಂದು ಧರ್ಮಪುರಿ ಬಸ್ಸು ಹತ್ತಿದಾಗ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ತಪ್ಪು ನಮ್ಮ ಕಂಪನಿಯ ಪೆಟ್ಟಿಗೆಯದಲ್ಲ. ಇಂಟರ್ನೆಟ್ ಪೆಟ್ಟಿಗೆಗಳು ಸಿಡಿಲಿನ ಪೆಟ್ಟು ತಡೆಯುತ್ತವೆಯೇ ಎಂದು ಪರೀಕ್ಷಿಸುವುದೇ ನನ್ನ ಕೆಲಸ. ಯಂತ್ರದಿಂದ ಸಾವಿರಾರು ವೋಲ್ಟಿನ ಏಟನ್ನು ಕೇಬಲ್ಲಿನ ಮೂಲಕ ಒಳಗೆ ನುಗ್ಗಿಸುತ್ತೇವೆ. ಪೆಟ್ಟಿಗೆ ಅದನ್ನು ಹಸಿರು ಅರ್ಥ್ ತಂತಿಯ ದಾರಿಯಲ್ಲಿ ನೆಲಕ್ಕಿಳಿಸಿ ಮತ್ತೆ ಕೆಲಸಕ್ಕೆ ನಿಂತರೆ ಪಾಸು. ಈ ಪೆಟ್ಟಿಗೆಯನ್ನು ಪಾಸು ಮಾಡಿದವಳು ನಾನೇ.

ಆದರೆ ಕಂಬೈನಲ್ಲೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಅಂಥ ಎರಡು ಪೆಟ್ಟಿಗೆ ಸುಟ್ಟುಹೋಗಿದ್ದವು. ಮೂರನೆಯದನ್ನು ಕೂರಿಸಿದ್ದಾಗಿತ್ತು. ಅದೂ ಸುಟ್ಟರೆ, ಅಲ್ಲಿ ಮನೆಮನೆಗೆ ಸಂಪರ್ಕ ಕೊಡುವ ಗೌರಿ ಎಂಬಾಕೆಯ ಏಜೆನ್ಸಿ ರದ್ದು ಎಂದು ನಮ್ಮ ಕಂಪನಿ ಹೇಳಿಬಿಟ್ಟಿತ್ತು. ನೋಡಿ ಬಾ ಎಂದು ನನ್ನನ್ನು ಅಟ್ಟಿದರು.

ತೊಪ್ಪೂರು ಘಾಟಿಯಲ್ಲಿ ಲಾರಿಗಳ ಹಿಂದೆ ಬಸ್ಸು ತೆವಳಿತು. ಅದಿಯಮಾನ್‌ಕೋಟೆ ದಾಟಿ ಧರ್ಮಪುರಿ ಸೇರುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಅಲ್ಲಿಂದ ಟೌನ್ ಬಸ್ಸು. ಹೆಂಗಸರಿಗೆ ಟಿಕೆಟ್ಟೇ ಇಲ್ಲ. ನೋಟು ಚಾಚಿದ ನನಗೆ ಕಂಡಕ್ಟರ್ ನಕ್ಕು, "ಫ್ರೀ ದಾಮ್ಮಾ, ವೆಚ್ಚುಕ್ಕೋಂಗ" ಎಂದು ನೋಟನ್ನು ನನ್ನತ್ತಲೇ ತಳ್ಳಿದ. ಮಾವಿನ ತೋಪು, ಕೆಂಪು ನೆಲ, ರಸ್ತೆಗೆ ಅಡ್ಡ ನಿಂತ ಕುರಿಮಂದೆ ನೋಡುತ್ತ ಊರು ತಲುಪಿದೆ.

ಗೌರಿಯದು ಕುರಿ ಸಾಕುವ ಕನ್ನಡದ ಮನೆ. ಮುಂದಿನ ಕೋಣೆಯ ಗೋಡೆಯಲ್ಲಿ ಊರಿಗೆಲ್ಲ ಸಂಪರ್ಕ ಹಂಚುವ ಪೆಟ್ಟಿಗೆ. ನೀರು ಕೊಡುವ ಮೊದಲೇ ಆಕೆ ಜಗಳಕ್ಕೆ ನಿಂತಳು. "ಮಾಲ್ ನಿಮ್ದು ಸರಿಯಿಲ್ಲಕ್ಕಾ. ಕಂಪನಿಯವ್ರು ನಂದೇ ತಪ್ಪು ಅಂತಾರೆ. ನಾನೇನು ಪೆಟ್ಟಿಗೆ ಒಲೆ ಮ್ಯಾಲಿಟ್ಟಿದ್ನಾ?"

"ನೋಡೇಬಿಡೋಣ" ಎಂದೆ. ನನಗೂ ರೇಗಿತ್ತು.

ಅಂಗಳದಲ್ಲಿ ಹೂತ, ಅರ್ಥ್ ತಂತಿ ಸೇರುವ ಕಬ್ಬಿಣವನ್ನು ಮೀಟರಿನಲ್ಲಿ ಅಳೆದೆ. ಚೆನ್ನಾಗಿಯೇ ಇತ್ತು. ಪೆಟ್ಟಿಗೆಯ ಸ್ಕ್ರೂಗಳಿಗೆಲ್ಲ ಧೂಳು ಮೆತ್ತಿತ್ತು. ಹಸಿರು ತಂತಿಯ ಸ್ಕ್ರೂ ಒಂದು ಮಾತ್ರ ಫಳಫಳ ಹೊಳೆಯುತ್ತಿತ್ತು.

"ಇದನ್ನ ಯಾರು ಬಿಚ್ತಾರೆ?"

ಕಡಲೆಕಾಯಿ ಬಿಡಿಸುತ್ತಿದ್ದ ಗೌರಿಯ ಅತ್ತೆ ಮಾದಮ್ಮ ತಲೆ ಎತ್ತಿದರು. "ನಾನೇ ಕಣವ್ವ. ಗುಡುಗಿದ ತಕ್ಷಣ ಬಿಚ್ಚಾಕ್ತೀನಿ. ಆ ತಂತಿ ಕಬ್ಣಕ್ಕೆ ಓಗೈತಲ್ಲ, ಸಿಡ್ಲು ಅದ್ರಾಗೇ ಮನೆಗೆ ಬತ್ತೈತೆ."

"ಕೇಬಲ್ಲು?"

"ಅದ್ನ ಕಿತ್ರೆ ಊರೆಲ್ಲ ಬೈತಾರೆ. ಸೀರಿಯಲ್ ನಿಂತೋಯ್ತದೆ."

ಗೌರಿ ತಲೆಯ ಮೇಲೆ ಕೈ ಹೊತ್ತು ಕೂತಳು. "ಅಯ್ಯೋ ಅತ್ತೇ! ಎನ್ನ ಪಣ್ಣಿಟ್ಟೀಂಗ! ಎಂಥಾ ಕೆಲ್ಸ ಮಾಡ್ಬಿಟ್ರಿ!"

ಸಿಡಿಲು ಬರುವ ದಾರಿ ತೆರೆದಿಟ್ಟು ಹೋಗುವ ದಾರಿ ಮುಚ್ಚಿದ್ದರು. ನಾನು ಗೆದ್ದಿದ್ದೆ, ಖುಷಿಯೂ ಆಯಿತು, ಸುಳ್ಳೇಕೆ? ಆದರೆ ಇದನ್ನು ಹೀಗೇ ಬರೆದರೆ ಗೌರಿಯ ಅನ್ನಕ್ಕೆ ಕಲ್ಲು. ಮುದುಕಿ ತಂತಿ ಬಿಚ್ಚುವುದನ್ನು ಬಿಡದಿದ್ದರಂತೂ ನಾನೇನು ಬರೆದರೂ ಮೂರನೆಯದೂ ಬೂದಿ. ಅವರಿಗೆ ವೋಲ್ಟಿನ ಪಾಠ ಹೇಳಿ ಪ್ರಯೋಜನವಿಲ್ಲ. ಬಾಗಿಲ ಹಿಂದೆ ಒಂದು ಹಾರೆ ಕಂಡಿತು, ಕೇಳಿದ್ದ ಹಳ್ಳಿಯ ನಂಬಿಕೆಯೊಂದು ನೆನಪಾಯಿತು.

"ಅಮ್ಮಾ, ಗುಡುಗಿದಾಗ ಹಾರೆಯನ್ನೂ ಏನಾದರೂ ಮಾಡ್ತೀರಾ?"

"ಅಂಗಳಕ್ಕೆ ಎಸೀತೀವಿ. ನಮ್ಮತ್ತೆ ಕಾಲದಿಂದ್ಲೂ ಅಂಗೇ. ಸಿಡ್ಲಿಗೆ ಕಬ್ಣ ಕೊಟ್ರೆ ಮನೆ ಬಿಟ್ಬಿಡ್ತೈತೆ."

"ಅಂಗಳದಲ್ಲಿ ಹೂತಿರೋದೂ ಸಿಡಿಲಿಗೆ ಕೊಟ್ಟ ಕಬ್ಬಿಣವೇ. ಹಸಿರು ತಂತಿ ಅಲ್ಲಿಗೆ ಹೋಗೋ ದಾರಿ. ನೀವು ಕಬ್ಬಿಣ ಕೊಟ್ಟು ದಾರಿ ಕಿತ್ತುಕೊಂಡರೆ ಅದು ಮನೆಯಲ್ಲೇ ಕೂರದೆ ಇನ್ನೆಲ್ಲಿಗೆ ಹೋಗಬೇಕು?"

ಮಾದಮ್ಮ ಕಡಲೆಕಾಯಿ ಬದಿಗೆ ಸರಿಸಿ ಎದ್ದರು. ಆಮೇಲೆ, "ಇಟ್ಟು ಉಂಡ್ಕೊಂಡು ಓಗು" ಎಂದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ರಾಗಿ ಮುದ್ದೆ, ಹುರುಳಿ ಸಾರು. ಎರಡು ಸಲ ಬಡಿಸಿಕೊಂಡೆ.

ಧರ್ಮಪುರಿ ನಿಲ್ದಾಣದಲ್ಲಿ ಕೂತು ಫೋನಿನಲ್ಲೇ ವರದಿ ಬರೆದೆ. ಹಸಿರು ತಂತಿ ಬಿಚ್ಚಿದ್ದರಿಂದ ಎರಡೂ ಸುಟ್ಟವು, ಕಾರಣ ತಿಳಿಸಿ ಬಂದಿದ್ದೇನೆ, ಏಜೆನ್ಸಿ ಮುಂದುವರಿಯಲಿ. ಇನ್ನು ಮುಂದೆ ಆ ತಂತಿಯನ್ನು ಬಿಚ್ಚಿಟ್ಟೂ ಪರೀಕ್ಷೆಯ ಪೆಟ್ಟು ಕೊಡಬೇಕು. ಮನೆಗಳಲ್ಲಿ ಸಿಡಿಲಿಗೆ ಹೆದರುವ ಮನುಷ್ಯರಿರುತ್ತಾರೆ. ನಮ್ಮ ಸಾಹೇಬರಿಂದ ಒಂದೇ ಸಾಲು ಬಂತು: "ಮೂರನೆಯದು ಉಳಿದರೆ ನೋಡೋಣ."

ಸೇಲಂ ಬಸ್ಸು ಅದಿಯಮಾನ್‌ಕೋಟೆ ಹತ್ತಿರ ಬರುವಾಗ ಹಿಂದೆ, ಕಂಬೈನಲ್ಲೂರಿನ ದಿಕ್ಕಿನಲ್ಲಿ, ಆಕಾಶ ಕಪ್ಪಾಗಿ ಫಳೀರೆಂದಿತು. ಗೌರಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಪೆಟ್ಟಿಗೆಯ ಮೇಲೆ ನನಗೆ ನಂಬಿಕೆಯಿತ್ತು. ನಾನು ಹೆದರಿದ್ದು ಮುದುಕಿಯ ಕೈಗೆ.

ಘಾಟಿ ಇಳಿದ ಮೇಲೆ ವೀಡಿಯೋ ಕರೆ ಬಂತು. ಬಂದದ್ದು ಅದೇ ಪೆಟ್ಟಿಗೆಯ ಇಂಟರ್ನೆಟ್ಟಿನಲ್ಲಿ. ಗೌರಿ ನಗುತ್ತ ಫೋನು ತಿರುಗಿಸಿದಳು. ಅಂಗಳದ ಮಳೆಯಲ್ಲಿ ಹಾರೆ ಬಿದ್ದಿತ್ತು. ಒಳಗೆ ಪೆಟ್ಟಿಗೆಯ ದೀಪಗಳು ಉರಿಯುತ್ತಿದ್ದವು. ಎದುರಿಗೆ ಮಾದಮ್ಮ, ಎರಡೂ ಕೈಗಳನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡು ಕೂತಿದ್ದರು.

"ಮುಟ್ಟಿಲ್ಲ ಕಣವ್ವ" ಎಂದರು. "ಕೈ ತುರಿಸ್ತೈತೆ, ಆದ್ರೂ ಮುಟ್ಟಿಲ್ಲ."