ಕೊನೆಯ ಜೇನು ಮನೆ ಸೇರುವ ತನಕ

ಹೋದ ವರ್ಷ ಹೋಳಿ ಹುಣ್ಣಿಮೆ ಮುಗಿದ ಮೇಲೆ ನಡೆದ ಮಾತಿದು. ಬೆಳಗಾವಿಯ ಹಿಂದವಾಡಿಯಲ್ಲಿ ನಮ್ಮ ಮನೆ, ಖಾನಾಪುರದ ಆಚೆ ಗುಂಜಿಯ ಹತ್ತಿರ ಹೊಲ. ನಮ್ಮ ಯಜಮಾನರು ಬಟ್ಟೆ ಅಂಗಡಿ ನೋಡಿಕೊಂಡು ರವಿವಾರಕ್ಕೊಮ್ಮೆ ರೈತರಾಗುತ್ತಾರೆ. ಮಾವನವರು ಮಾತ್ರ ವಾರವಿಡೀ ರೈತರು, ಜೊತೆಗೆ ಪಕ್ಕಾ ಜೈನರು. ಹೊತ್ತು ಮುಳುಗಿದ ಮೇಲೆ ಅವರ ಬಾಯಿಗೆ ಒಂದು ಹನಿ ನೀರೂ ಬೀಳದು. ಕತ್ತಲಲ್ಲಿ ಹುಳ ಹುಪ್ಪಡಿ ಊಟದಲ್ಲಿ ಬಿದ್ದು ಸತ್ತೀತು ಎಂದು ಹಿರಿಯರು ಮಾಡಿದ ನೇಮ ಅದು.

ಇಂಥವರ ಸೌತೆ ಬಳ್ಳಿಗೆ ಎಲೆ ತೂತು ಮಾಡುವ ಕೆಂಪು ಹುಳ ಬಿತ್ತು. ಬೇವಿನ ಕಷಾಯಕ್ಕೂ ಜಗ್ಗಲಿಲ್ಲ. ಇನ್ನು ಎಣ್ಣೆ ಹೊಡೆಯಲೇಬೇಕು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. ತೊಡಕಿದ್ದದ್ದು ಪಕ್ಕದ ಹೊಲದ ವಿಠೋಬಾನ ಜೇನುಪೆಟ್ಟಿಗೆಗಳದು. ಅದರ ಹಿಂದಿನ ವರ್ಷ ನಮ್ಮ ಯಜಮಾನರು ಅಂಗಡಿಗೆ ತಡವಾಗುತ್ತದೆಂದು ಬೆಳಗ್ಗೆ ಹೂವರಳಿದ ಹೊತ್ತಿನಲ್ಲೇ ಎಣ್ಣೆ ಹೊಡೆಸಿ ಬಂದಿದ್ದರು. ಸಂಜೆಗೆ ಪೆಟ್ಟಿಗೆಗಳ ಮುಂದೆ ಜೇನುಹುಳಗಳು ರಾಶಿ ರಾಶಿ ಸತ್ತು ಬಿದ್ದಿದ್ದವು. ವಿಠೋಬಾ ಜಗಳಕ್ಕೆ ಬರಲಿಲ್ಲ, ಮಾತು ಬಿಟ್ಟ. ಅಜ್ಜಂದಿರ ಕಾಲದಿಂದ ಬಂದ ನೆರೆ. ಮಾವನವರಿಗೆ ಅದು ಒಳಗೊಳಗೇ ಕೊರೆಯುತ್ತಿತ್ತು.

ಹೀಗಾಗಿ ಈ ಸಲ ಯೋಜನೆ ಅವರದೇ. ಎಲ್ಲ ಬಳ್ಳಿಗೂ ಹೊಡೆಯುವುದು ಬೇಡ, ಹುಳ ಇದ್ದುದಕ್ಕಷ್ಟೇ. ಹಳ್ಳದ ಬದಿಯ ಸಾಲನ್ನು ಬಿಟ್ಟೇ ಬಿಡಬೇಕು. ಗಾಳಿ ನಿಂತಿರಬೇಕು. ಎಲ್ಲಕ್ಕಿಂತ ಮುಖ್ಯ, ಜೇನು ಪೆಟ್ಟಿಗೆ ಸೇರಿದ ಮೇಲೆಯೇ ಪಂಪಿಗೆ ಕೈ ಹಾಕಬೇಕು. ಹಿಂದಿನ ದಿನ ತಾವೇ ಹೋಗಿ ವಿಠೋಬಾನಿಗೆ ಹೇಳಿ ಬಂದರು. ಅವನು "ಹ್ಞೂಂ" ಅಂದನಂತೆ, ಅಷ್ಟೇ.

"ಐದಕ್ಕ ಊಟ, ಆಮ್ಯಾಲ ಎಣ್ಣಿ" ಎಂದು ತೀರ್ಮಾನವಾಯಿತು. ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಂಡು ನಾನೂ ಹೋದೆ. ಆದರೆ ಮಾವನವರು ಒಂದೊಂದೇ ಎಲೆ ಮಗುಚಿ ನೋಡಿ, ಹುಳ ಇದ್ದ ಬಳ್ಳಿಗೆ ಗುರುತಿಗೆಂದು ಚಿಂದಿ ಕಟ್ಟುತ್ತ ಹೊರಟರು. ಚಿಂದಿ ನನ್ನ ಹಳದಿ ಸೀರೆಯದು. ಹಳೆಯದೆಂದು ಹರಿದುಕೊಂಡು ಬಂದಿದ್ದರು. ನಾನು ಅದನ್ನು ಇನ್ನೂ ಉಡುತ್ತಿದ್ದೆ! "ಅಪ್ಪಾಜಿ, ಊಟ" ಎಂದು ಕೂಗಿದರೆ "ಇದೊಂದು ಸಾಲು ಆಗ್ಲಿ ತಡೀ" ಎನ್ನುವರು. ಕೊನೆಗೆ ಕೈಕಾಲು ತೊಳೆದು ಬುತ್ತಿಯ ಮುಂದೆ ಕೂಡುವಷ್ಟರಲ್ಲಿ ಸೂರ್ಯ ಕಾಡಿನ ಮರಗಳ ಹಿಂದೆ ಇಳಿದಿದ್ದ.

ಯಜಮಾನರು ಆಗಲೇ ಕೈಗವಸು, ಮುಖಕ್ಕೆ ಮಾಸ್ಕು, ಕಣ್ಣಿಗೆ ಕನ್ನಡಕ ಏರಿಸಿ, ತುಂಬಿದ ಪಂಪು ಬೆನ್ನಿಗೆ ಹೊತ್ತು ನಿಂತಿದ್ದರು. ಕೂಡುವಂತಿಲ್ಲ, ಕೆರೆದುಕೊಳ್ಳುವಂತಿಲ್ಲ.

"ಅಪ್ಪಾಜಿ, ಹೊತ್ತು ಮುಳುಗೇತಿ. ಊಟ ಬಿಡ್ರಿ, ಎಣ್ಣಿ ಹೊಡೀತೀನಿ."

"ಗಿಡದ ಹಿಂದ ಸರದೈತಿ, ಮುಳುಗಿಲ್ಲ. ಜೇನು ಇನ್ನೂ ಹೊರಗ ಅದಾವು, ಕಾಣವಲ್ತೇನು?" ಎಂದು ಮಾವನವರು ರೊಟ್ಟಿ ಮುರಿದರು.

ಯಜಮಾನರು ಪಂಪಿನ ಕೋಲು ಎತ್ತಿದ್ದೇ ತಡ, ಪೆಟ್ಟಿಗೆಗಳ ಬಾಜು ಕುಕ್ಕರಗಾಲಿನಲ್ಲಿ ಕೂತಿದ್ದ ವಿಠೋಬಾ ವರ್ಷದ ಮೌನ ಮುರಿದ. "ಥಾಂಬಾ, ನಿಲ್ರಿ! ಅಣ್ಣಾ ಇನ್ನೂ ಉಣ್ಣಾಕತ್ತಾರ. ಅವರು ಉಣ್ಣೂತನಕ ಹೊತ್ತೈತಿ ಅಂತ ಅರ್ಥ. ಹೊತ್ತಿರೂತನಕ ನಾ ಹೊಡ್ಯಾಕ ಬಿಡೂದಿಲ್ರೀ."

ಅಲ್ಲಿಗೆ ಮುಗಿಯಿತು. ಜೇನು ಹೊರಗಿದ್ದರೆ ಮಾವನವರು ಉಣ್ಣಬಹುದು. ಮಾವನವರು ಉಣ್ಣುತ್ತಿದ್ದರೆ ಯಜಮಾನರು ಹೊಡೆಯುವಂತಿಲ್ಲ. "ಬಂತು ನೋಡ್ರಿ ಇನ್ನೊಂದು" ಎಂದು ವಿಠೋಬಾ ಕೂಗುವುದು, "ಶಾಣ್ಯಾ ಹುಳ" ಎಂದು ಮಾವನವರು ಇನ್ನೊಂದು ತುತ್ತು ಹಾಕಿಕೊಳ್ಳುವುದು. ಕನ್ನಡಕದೊಳಗೆ ಯಜಮಾನರ ಕಣ್ಣು ಕೆಂಪಾಗುತ್ತಿತ್ತು. "ನನ್ನ ಬೆನ್ನ ಮ್ಯಾಲ ಯಾರಿಗರೆ ದಯಾ ಐತೇನು?" ಎಂದರು. ನಾನು ಸೆರಗು ಬಾಯಿಗೆ ಒತ್ತಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಆಮೇಲೆ ಹುಳ ಬರುವುದು ನಿಂತಿತು. ಪೆಟ್ಟಿಗೆಯ ಬಾಯಿ ಖಾಲಿ. ಮಾವನವರ ತಾಟಿನಲ್ಲಿ ಇನ್ನೂ ಅರ್ಧ ಊಟ ಇತ್ತು, ಕುಡಿಯುವ ನೀರಿನ ತಂಬಿಗೆಯನ್ನು ಮುಟ್ಟಿಯೇ ಇರಲಿಲ್ಲ. ವಿಠೋಬಾ ಅದನ್ನು ನೋಡಿದ. ದನಿ ಮೆತ್ತಗಾಯಿತು.

"ಒಂದೆರಡು ಬರೂವು ಅದಾವು ಅಣ್ಣಾ. ಸಾವಕಾಶ ಉಣ್ರಿ."

ಮಾವನವರು ತಲೆ ಎತ್ತಿ ಪೆಟ್ಟಿಗೆಯನ್ನೂ ಅವನನ್ನೂ ನೋಡಿದರು. ತಾಟು ಬದಿಗೆ ಸರಿಸಿದರು. "ನನ್ನ ಸಲುವಾಗಿ ಸುಳ್ಳ ಹೇಳಬ್ಯಾಡೋ. ನಿನ್ನ ಹುಳ ಮನಿ ಸೇರ್ಯಾವು. ನನ್ನ ಊಟ ಮುಗೀತು." ಆ ಸಂಜೆ ಅವರು ನೀರೂ ಕುಡಿಯದೆ ಎದ್ದರು. ನಾನು ನಗು ನಿಲ್ಲಿಸಿ ಉಳಿದ ಬುತ್ತಿ ಕಟ್ಟಿದೆ.

ಚಿಂದಿ ಕಟ್ಟಿದ ಬಳ್ಳಿಗಳಿಗಷ್ಟೇ ಎಣ್ಣೆ ಬಿತ್ತು. ವಿಠೋಬಾ ತಾನೇ ಬ್ಯಾಟರಿ ಹಿಡಿದು ಬೆಳಕು ತೋರಿಸಿದ. ಮರುದಿನ ಬೆಳಗ್ಗೆ ಅವನ ಫೋನಿನಿಂದ ವಿಡಿಯೋ ಬಂತು, ಪೆಟ್ಟಿಗೆಯಿಂದ ಜೇನು ಗುಯ್ಯೆಂದು ಹೊರಡುತ್ತಿತ್ತು. ಮಾವನವರು ಚಹಾ ಆರುವವರೆಗೂ ಅದನ್ನೇ ನೋಡಿದರು.

ಕೆಲವು ದಿನಗಳಾದ ಮೇಲೆ ವಿಠೋಬಾ ಹಿಂದವಾಡಿಗೇ ಬಂದ, ಕೈಯಲ್ಲಿ ಬಾಟಲಿ ತುಂಬ ಜೇನುತುಪ್ಪ. "ಈ ವರ್ಷದ ಮೊದಲ್ನೇದು ಅಣ್ಣಾ. ನಿಮಗ ಕೊಟ್ಟ ಮ್ಯಾಲ ಉಳದವರಿಗೆ." ಮಾವನವರು ಎರಡೂ ಕೈ ಚಾಚಿ ತೆಗೆದುಕೊಂಡರು. ನಾನೂ ಯಜಮಾನರೂ ಮುಖ ಮುಖ ನೋಡಿಕೊಂಡೆವು. ಜೇನುಹುಳಕ್ಕೆ ಹಿಂಸೆಯೆಂದು ನಮ್ಮ ಜೈನರಲ್ಲಿ ಜೇನುತುಪ್ಪವನ್ನು ಬಾಯಿಗೆ ಹಾಕುವುದಿಲ್ಲ, ಅದು ಅವನಿಗೂ ಗೊತ್ತಿದ್ದದ್ದೇ. ಸಂಭ್ರಮದಲ್ಲಿ ಮರೆತಿದ್ದ, ಪಾಪ. ಅರ್ಧ ಚಹಾ ಕುಡಿದಾಗ ನೆನಪಾಗಿ ಹಣೆ ಬಡಿದುಕೊಂಡ.

"ಅರೆ ದೇವಾ! ನೀವು ತಿನ್ನೂದಿಲ್ಲಲ್ರೀ! ಕೊಡ್ರಿ ಇತ್ತಾಗ."

ಮಾವನವರು ಬಾಟಲಿಯನ್ನು ಎದೆಗವಚಿಕೊಂಡರು. "ತಿನ್ನೂದಿಲ್ಲ, ಖರೇ. ಆದ್ರ ವಾಪಸ್ ಕೊಡೂದೂ ಇಲ್ಲ."

ಆ ಬಾಟಲಿ ಈಗಲೂ ನಮ್ಮ ಶೋಕೇಸಿನಲ್ಲಿದೆ. ಬಂದ ನೆಂಟರು ಹುಬ್ಬೇರಿಸುತ್ತಾರೆ, ಮಾವನವರು ಕಥೆ ಹೇಳಲು ಕಾದೇ ಇರುತ್ತಾರೆ. ಅದರ ಧೂಳು ಒರೆಸುವಾಗೆಲ್ಲ ನನಗೆ ನಗು ಬರುತ್ತದೆ, ಕಣ್ಣೂ ಒದ್ದೆಯಾಗುತ್ತದೆ. ಈ ಮನೆಯ ಸೊಸೆಯೆಂದು ನನಗೆ ಹೊಲದಲ್ಲಿ ಕಳೆದ ಆ ಸಂಜೆಯಷ್ಟು ಹೆಮ್ಮೆ ಅದಕ್ಕೂ ಮೊದಲು ಎಂದೂ ಆಗಿರಲಿಲ್ಲ.