ಮದುಮಗಳ ಬಣ್ಣ ಹಿಡಿದ ಕವನಾ

ಕವನಾ ನಮ್ಮ ಮನೆಗೆ ಮೊದಲ ಸಲ ಬಂದ ದಿನ ಹಿತ್ತಲ ತಂತಿಯ ಮೇಲೆ ನಮ್ಮ ಯಜಮಾನರ ಪಂಚೆ ಒಣಗುತ್ತಿತ್ತು. ಪುಟ್ಟಸ್ವಾಮಿಯವರು ತೀರಿಕೊಂಡ ಮೇಲೂ ಅವರ ಪಂಚೆಗಳನ್ನು ಆಗಾಗ ಪೆಟ್ಟಿಗೆಯಿಂದ ತೆಗೆದು, ಒಗೆದು, ನೀಲಿ ಹಾಕಿ, ಒಣಗಿಸಿ ಮಡಿಸಿಡುತ್ತೇನೆ. ಇಲ್ಲದಿದ್ದರೆ ಮಡಿಕೆಯಲ್ಲಿ ಮಣ್ಣಿನ ಬಣ್ಣ ಬಂದುಬಿಡುತ್ತದೆ. ಅವಳು ಸ್ಟುಡಿಯೋ ಇಡಲು ಬಾಡಿಗೆಗೆ ನೋಡಲು ಬಂದದ್ದು ರಸ್ತೆ ಕಡೆಯ ಕೋಣೆಯನ್ನು. ಕೋಣೆಯನ್ನು ಒಂದು ಸುತ್ತು ನೋಡಿ, ಕಿಟಕಿ ಯಾವ ದಿಕ್ಕಿಗಿದೆ ಎಂದು ಕೇಳಿ, ಉತ್ತರಕ್ಕೆ ಎಂದ ಕೂಡಲೇ, ಹಾಗಾದರೆ ದಿನವಿಡೀ ಬೆಳಕು ಒಂದೇ ಸಮ ಇರುತ್ತದೆ ಎಂದು ಒಪ್ಪಿಕೊಂಡಳು. ಆಮೇಲೆ ಹಿತ್ತಲ ಕಡೆ ಕಣ್ಣು ಹಾಯಿಸಿ, "ಅಜ್ಜಿ, ಆ ಪಂಚೆ ಒಂದು ಗಂಟೆ ಕೊಡ್ತೀರಾ? ಪಾಸ್‌ಪೋರ್ಟ್ ಫೋಟೋಗೆ ಹಿಂದೆ ಕಟ್ಟಕ್ಕೆ ಬಿಳಿ ಬಟ್ಟೆ ಬೇಕಿತ್ತು" ಎಂದಳು.

ಒಂದು ಗಂಟೆಗೆಂದು ಹೋದ ಪಂಚೆ ಅವಳ ಕೋಣೆಯಲ್ಲೇ ಉಳಿಯಿತು. ವಾರಕ್ಕೊಮ್ಮೆ ಬಿಚ್ಚಿ ಕೊಡುತ್ತಿದ್ದಳು, ನಾನು ಒಗೆದು ಕೊಡುತ್ತಿದ್ದೆ.

ಅವಳ ತಂದೆ ಪಾಲಿಬೆಟ್ಟದ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಮನೆಮಾತು ಅರೆಭಾಷೆ. ಎಸ್ಟೇಟಿನ ಲೈನುಮನೆಗಳಲ್ಲಿದ್ದ ಕೆಲಸದವರಿಗೆ ಗುರುತಿನ ಚೀಟಿಗೆ ಫೋಟೋ ಬೇಕಾದಾಗ ತಂದೆಯ ಮೊಬೈಲಿನಲ್ಲಿ ತೆಗೆದುಕೊಟ್ಟು ಈ ವಿದ್ಯೆಗೆ ಕೈ ಹಾಕಿದವಳು. ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿಸಿ ಬಂದ ಹೆಂಗಸರು ಮುಖ ತೊಳೆದು, ಹೂ ಮುಡಿದು ಸಾಲಾಗಿ ನಿಲ್ಲುತ್ತಿದ್ದರಂತೆ. ಆಮೇಲೆ ಮಡಿಕೇರಿಯ ಒಂದು ಸ್ಟುಡಿಯೋದಲ್ಲಿ ವರ್ಷಗಟ್ಟಲೆ ದುಡಿದಳು. ಅಲ್ಲಿ ಇವಳ ಕೆಲಸ ತೆಗೆಯುವುದಷ್ಟೆ. ಮದುವೆ ಮುಗಿದ ರಾತ್ರಿ ಫೋಟೋಗಳಿರುವ ಕ್ಯಾಮೆರಾದ ಕಾರ್ಡನ್ನು ಮಾಲೀಕನ ಕೈಗೆ ಹಾಕಬೇಕು. ಬಣ್ಣ ತಿದ್ದುವುದೆಲ್ಲ ಅವನದು. ಆಲ್ಬಮ್ ಬಂದಾಗ ಕಪ್ಪಗಿದ್ದ ಹೆಣ್ಣುಮಕ್ಕಳೆಲ್ಲ ಸುಣ್ಣ ಬಳಿದ ಹಾಗೆ ಇರುತ್ತಿದ್ದರಂತೆ. ತಾನು ಕಂಡ ಮುಖ ಅದಲ್ಲ ಎನ್ನುವುದು ಅವಳ ಜಗಳ. ಆ ಜಗಳದಿಂದಲೇ ಕೆಲಸ ಬಿಟ್ಟು, ನೆಲೆಸಲು ನಮ್ಮ ಊರು ಶಿರಂಗಾಲಕ್ಕೆ ಬಂದಳು. ಇಲ್ಲಿ ಯಾವ ಸ್ಟುಡಿಯೋವೂ ಇರಲಿಲ್ಲ.

ಮೊದಲ ಮದುವೆ ಸಿಕ್ಕಿದ್ದು ನಮ್ಮ ಬೀದಿಯ ಮಹಾದೇವಮ್ಮನ ಮನೆಯದು, ಮಗಳು ಹರ್ಷಿತಾಳ ಮದುವೆ. ನನಗೂ ಕರೆ ಇತ್ತು. ಮುಹೂರ್ತಕ್ಕೆ ಮುಂಚೆ ಕವನಾ ನನ್ನ ಕೈಗೆ ಪಂಚೆ ಕೊಟ್ಟು, ಅದನ್ನು ಹಿಡಿದುಕೊಂಡು ಮದುಮಗಳ ಪಕ್ಕ ನಿಲ್ಲಲು ಹೇಳಿದಳು. ಆ ಬೆಳಕಿನಲ್ಲಿ ಬಿಳಿ ಬಟ್ಟೆಯ ಒಂದು ಫೋಟೋ ಇದ್ದರೆ, ಆಮೇಲೆ ಸಾಫ್ಟ್‌ವೇರಿಗೆ ಇದು ಬಿಳಿ ಎಂದು ತೋರಿಸಬಹುದು, ಅದನ್ನು ಹಿಡಿದು ಅದು ಉಳಿದ ಬಣ್ಣಗಳನ್ನೆಲ್ಲ ಸರಿಮಾಡುತ್ತದೆ ಎಂದಳು. ಹಿಂದಿನ ಸ್ಟುಡಿಯೋದಲ್ಲಿ ಇದಕ್ಕೆಂದೇ ಒಂದು ಬೂದು ಬಣ್ಣದ ಕಾರ್ಡು ಇತ್ತಂತೆ, ಅದು ಮಾಲೀಕನದು. ಶುಭ್ರವಾದ ಪಂಚೆ ಇರುವಾಗ ಕಾರ್ಡು ಯಾಕೆ ಎನ್ನುವುದು ಇವಳ ಲೆಕ್ಕ. ಛತ್ರದ ಒಳಗೆ, ಹೊರಗೆ, ಬೆಳಕು ಬದಲಾದ ಕಡೆಯಲ್ಲೆಲ್ಲ ನಾನು ಪಂಚೆ ಹಿಡಿದೆ. ಬಂದ ನೆಂಟರು ಇದೇನು ಹೊಸ ಶಾಸ್ತ್ರ ಎಂದು ಕೇಳಿದರು.

ಅವಳು ತೆಗೆಯುವುದು ಕಚ್ಚಾ ಫೋಟೋ. ಅದಕ್ಕೆ ಫೋಟೋದವರು ರಾ ಅನ್ನುತ್ತಾರೆ. ಹಾಗೆಂದರೇನು ಎಂದು ಕೇಳಿದ್ದಕ್ಕೆ ಒಲೆಯ ಮುಂದೆ ಕೂತು ಹೇಳಿದಳು: ಮೊಬೈಲಿನ ಫೋಟೋ ಬೆಂದ ರೊಟ್ಟಿ, ಇದು ಇನ್ನೂ ಕಲಸಿದ ಹಿಟ್ಟು, ಉಪ್ಪು ಕಡಿಮೆಯಾಗಿದ್ದರೆ ಈಗಲೂ ಸೇರಿಸಬಹುದು. ಬೇಯಿಸುವುದಕ್ಕೆ ಸಾಫ್ಟ್‌ವೇರ್ ಬೇಕು. ಯಾವುದು ಎನ್ನುವುದೇ ಪ್ರಶ್ನೆಯಾಗಿತ್ತು. ಒಂದು, ತಿಂಗಳು ತಿಂಗಳೂ ಬಾಡಿಗೆ ಕಟ್ಟಬೇಕಾದದ್ದು. ಅದನ್ನೇ ತೆಗೆದುಕೋ ಎಂದು ಕುಶಾಲನಗರದ ಕಂಪ್ಯೂಟರ್ ಅಂಗಡಿಯ ದೇರಪ್ಪ ಹೇಳುತ್ತಿದ್ದ. ಇನ್ನೊಂದು ಕ್ಯಾಮೆರಾದ ಜೊತೆಗೇ ಬಂದದ್ದು. ಮೂರನೆಯದು ದೇಶದೇಶದವರು ಸೇರಿ ಮಾಡಿ ಎಲ್ಲರಿಗೂ ಸುಮ್ಮನೆ ಕೊಟ್ಟದ್ದು, ಆದರೆ ಕಲಿಯುವುದು ಕಷ್ಟ. ದೇರಪ್ಪ ಬಾಡಿಗೆಯದನ್ನು ಒಂದು ತಿಂಗಳ ಮಟ್ಟಿಗೆ ಹಾಕಿಕೊಟ್ಟ. ಉಳಿದೆರಡನ್ನು ಅವಳೇ ಹಾಕಿಕೊಂಡಳು.

ಯಾರ ಮಾತನ್ನೂ ಅವಳು ಹಾಗೇ ನಂಬುವವಳಲ್ಲ. ಹರ್ಷಿತಾ ಧಾರೆಗೆ ನಿಂತ ಒಂದೇ ಫೋಟೋವನ್ನು ಮೂರರಲ್ಲೂ ಬೇಯಿಸಿ, ಪ್ರಿಂಟ್ ಹಾಕಿಸಿ, ಜಗುಲಿಯಲ್ಲಿ ದಾರ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ನೇತುಹಾಕಿದಳು. ಮೂರರಲ್ಲೂ ಹುಡುಗಿಗೆ ಕಾಮಾಲೆ ಬಂದಿತ್ತು.

ಮಹಾದೇವಮ್ಮ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೋಡಿದಳು. "ಯಾಕವ್ವ, ಇದು ಧಾರೆ ದಿನದ್ದೋ, ಅರಿಸ್ನ ಹಚ್ಚಿದ ದಿನದ್ದೋ?" ಎಂದಳು. ಕವನಾ ನಕ್ಕು, ಇನ್ನೂ ಕೆಲಸ ಮುಗಿದಿಲ್ಲ ಎಂದಳು. ಮಹಾದೇವಮ್ಮ ನಗಲಿಲ್ಲ. ಮಗಳು ಆಷಾಢಕ್ಕೆ ತವರಿಗೆ ಬಂದಿದ್ದಾಳೆ, ಶ್ರಾವಣದಲ್ಲಿ ಗಂಡನ ಮನೆಗೆ ಹೊರಡುವಾಗ ಆಲ್ಬಮ್ ಅವಳ ಜೊತೆ ಹೋಗಬೇಕು, ಬೀಗರ ಮನೆಯವರೆಲ್ಲ ಕೂತು ನೋಡುತ್ತಾರೆ ಎಂದಳು. ಹೋಗುವ ಮುಂಚೆ ಮೆಟ್ಟಿಲಿನಿಂದ ತಿರುಗಿ, "ನಿಂಗಾಗದೆ ಇದ್ರೆ ಆ ಕ್ಯಾಮೆರಾ ಕಾರ್ಡು ಕೊಟ್ಬುಡವ್ವ. ಪೇಟೆಯೋರ ಕೈಲಿ ಮಾಡುಸ್ಕತೀನಿ" ಎಂದಳು.

ಆ ಮಾತು ಕವನಾಳಿಗೆ ನಾಟಿತು. ಮೊದಲ ಮದುವೆಯ ಫೋಟೋಗಳನ್ನೇ ಬೇರೆಯವರ ಕೈಗೆ ಕೊಟ್ಟರೆ ಎರಡನೆಯದಕ್ಕೆ ಈ ಕಡೆ ಯಾರೂ ಕರೆಯುವುದಿಲ್ಲ. ಮತ್ತೆ ಮಡಿಕೇರಿಗೆ ಹೋಗಿ, ತೆಗೆದದ್ದನ್ನು ಇನ್ನೊಬ್ಬರಿಗೆ ಒಪ್ಪಿಸುವ ಕೆಲಸವೇ ಗತಿ. ಆದರೂ ಹೆದರಿದವಳಂತೆ ಕಾಣಲಿಲ್ಲ. "ಕೊಡಲ್ಲ ಅಜ್ಜಿ. ಆ ಹುಡುಗಿ ಮುಖ ನೋಡಿದವಳು ನಾನು, ಅವರಲ್ಲ" ಎಂದು ಒಳಗೆ ಹೋದಳು.

ಮೊದಲು ಬಾಡಿಗೆಯದನ್ನು ಬೈದಳು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಬಣ್ಣ ಸರಿಯಾಗಿಯೇ ಇದೆ, ಕಂಪ್ಯೂಟರಿಗೆ ಹೋದ ಮೇಲೆ ಹಳದಿ, ಹಾಗಾದರೆ ತಪ್ಪು ಇದರದೇ ಅಲ್ಲವೇ ಎಂದಳು. ಆಮೇಲೆ ಕ್ಯಾಮೆರಾ ಜೊತೆ ಬಂದದ್ದನ್ನು ಬೈದಳು. ಆಮೇಲೆ ಸುಮ್ಮನೆ ಸಿಕ್ಕಿದ್ದನ್ನು. ಸುಮ್ಮನೆ ಸಿಕ್ಕಿದ್ದು ಸುಮ್ಮನೆ ಸಿಕ್ಕಿದ ಹಾಗೇ ಇರುತ್ತದೆ ಎಂದು ದೇರಪ್ಪ ಫೋನಿನಲ್ಲೇ ನಕ್ಕನಂತೆ. ಪ್ರತಿ ಸಲವೂ ಅವಳು ಪಂಚೆಯ ಫೋಟೋ ತೆರೆದು, ಪಂಚೆಯ ನಡುವೆ ಒತ್ತಿ, ಇದು ಬಿಳಿ ಎಂದು ಹೇಳುತ್ತಿದ್ದಳು. ಪ್ರತಿ ಸಲವೂ ಮದುವೆಯ ಮನೆಯೆಲ್ಲ ಹಳದಿಗೆ ತಿರುಗುತ್ತಿತ್ತು.

ಒಂದು ಬೆಳಿಗ್ಗೆ ಮಳೆ ಬಿಟ್ಟಿತ್ತು. ನಾನು ಬಟ್ಟೆ ಒಗೆಯಲು ಕೂತಿದ್ದೆ. ಅವಳು ಕಾಫಿ ಲೋಟ ಹಿಡಿದು ಬಂದು ಒಗೆಯುವ ಕಲ್ಲಿನ ಪಕ್ಕ ನಿಂತಳು. ಪಂಚೆಯನ್ನು ಜಾಲಿಸಿ ಹಿಂಡಿಟ್ಟು, ಬಕೆಟ್ಟಿನ ಹೊಸ ನೀರಿಗೆ ನೀಲಿ ಬಿಟ್ಟೆ. ನೀಲಿ ನೀರಿನಲ್ಲಿ ಸುರುಳಿಯಾಗಿ ಇಳಿಯಿತು. ಕಾಫಿ ಕುಡಿಯುತ್ತಿದ್ದವಳು ನಿಲ್ಲಿಸಿದಳು.

"ಅಜ್ಜಿ, ಪಂಚೆಗೆ ನೀಲಿ ಹಾಕ್ತೀರಾ?"

"ಹಾಕ್ದೆ ಬೆಳ್ಳಗೆ ಕಾಣ್ತದಾ?"

"ಮದುವೆ ದಿನದ್ದಕ್ಕೂ ಹಾಕಿದ್ರಾ?"

ಹಾಕದೆ ಯಾವ ಬಿಳಿ ಬಟ್ಟೆಯನ್ನು ಒಗೆದಿದ್ದೇನೆ ಎಂದೆ. ಅವಳು ಒದ್ದೆ ಕಲ್ಲಿನ ಮೇಲೆಯೇ ಕೂತು ನಗಲು ಶುರುಮಾಡಿದಳು. ಕಾಫಿ ಚೆಲ್ಲಿತು. ಏನಾಯಿತೆಂದು ನನಗೆ ತಿಳಿಯಲಿಲ್ಲ. ಆಮೇಲೆ ಹೇಳಿದಳು. ನಮ್ಮ ಕಣ್ಣಿಗೆ ಬಿಳಿ ಕಂಡರೂ ಪಂಚೆಯಲ್ಲಿ ಚೂರು ನೀಲಿ ಇದೆ. ಅದನ್ನು ಬಿಳಿ ಎಂದು ಸಾಫ್ಟ್‌ವೇರಿಗೆ ಹೇಳಿದರೆ, ಅದು ಆ ನೀಲಿಯನ್ನು ಕಳೆಯಲು ಎಲ್ಲದರ ಮೇಲೂ ಹಳದಿ ಸುರಿಯುತ್ತದೆ. "ಮೂರೂ ನನ್ನ ಮಾತು ನಂಬಿದ್ದಾವೆ ಪಾಪ. ಅವಕ್ಕೇ ಬೈದೆ ನಾನು" ಎಂದಳು.

ಆಮೇಲೆ ನಗು ನಿಲ್ಲಿಸಿ ಇನ್ನೊಂದು ಕೇಳಿದಳು: ನೀಲಿ ಎಷ್ಟು ಹಾಕುತ್ತೇನೆ, ಸಲಸಲಕ್ಕೂ ಹೆಚ್ಚುಕಮ್ಮಿ ಆಗುತ್ತದೆಯೇ. ಬಕೆಟ್ಟಿಗೆ ಕಾಲು ಮುಚ್ಚಳ, ನಮ್ಮ ಅತ್ತೆ ಕಲಿಸಿಕೊಟ್ಟ ಹಾಗೆ, ಹೆಚ್ಚಾದರೆ ಬಟ್ಟೆಯಲ್ಲಿ ಕಲೆ ನಿಲ್ಲುತ್ತದೆ ಎಂದೆ. ಹಾಗಿದ್ದರೆ ಮದುವೆಯ ದಿನದ ನೀಲಿಯೂ ಇವತ್ತಿನ ನೀಲಿಯೂ ಒಂದೇ ಎಂದಳು.

ಮೈಸೂರಿನಿಂದ, ಬೇರೆ ಯಾವ ಬಣ್ಣವೂ ಬೆರೆಯದ ಅಪ್ಪಟ ಬೂದು ಕಾರ್ಡು ತರಿಸಿದಳು. ಹಿತ್ತಲಲ್ಲಿ ಪಂಚೆಯನ್ನೂ ಕಾರ್ಡನ್ನೂ ಪಕ್ಕಪಕ್ಕದಲ್ಲಿ ಹಿಡಿಸಿ ಫೋಟೋ ತೆಗೆದು, ಎರಡಕ್ಕೂ ಎಷ್ಟು ಅಂತರ ಎಂದು ಕಂಡುಕೊಂಡು, ಮದುವೆಯ ಫೋಟೋಗಳಿಂದೆಲ್ಲ ಅಷ್ಟೇ ಹಳದಿಯನ್ನು ಇಳಿಸಿದಳು. ಮೂರು ಸಾಫ್ಟ್‌ವೇರಿಗೂ ಮತ್ತೊಂದು ಸಲ ಅವಕಾಶ ಕೊಟ್ಟಳು. ಈಗ ಮೂರರಲ್ಲೂ ಮುಖ ಮುಖದ ಹಾಗೆ ಬಂತು. ಸೀರೆಯ ಕೆಂಪು ಮಾತ್ರ ಬೇರೆಬೇರೆ. ಬಾಡಿಗೆಯದರಲ್ಲಿ ಕೆಂಪು ಚೆನ್ನಾಗಿಯೇ ಇತ್ತು. ಕ್ಯಾಮೆರಾದ ಜೊತೆ ಬಂದದ್ದರಲ್ಲಿ ಕೆಂಪೆಲ್ಲ ಒಂದೇ ಮುದ್ದೆಯಾಗಿ ಬುಟ್ಟಾ ಕಾಣಲಿಲ್ಲ. ಸುಮ್ಮನೆ ಸಿಕ್ಕಿದ್ದರಲ್ಲಿ ಎರಡು ದಿನ ತಿಣುಕಿದ ಮೇಲೆ ಬುಟ್ಟಾದ ಎಳೆ ಎಳೆಯೂ ಬಂತು.

ಅದೇ ವಾರ ಎಲ್ಲೋ ಮರ ಬಿದ್ದು ನೆಟ್ ಹೋಯಿತು. ಬಾಡಿಗೆಯ ತಿಂಗಳೂ ಮುಗಿದಿತ್ತು. ಅದು ಹಣ ಕಟ್ಟಿ ಎಂದು ತೋರಿಸುತ್ತಾ ಕೂತಿತು, ಕಟ್ಟುವುದಕ್ಕೆ ನೆಟ್ ಇಲ್ಲ. ಮೂರನೆಯದು ಎಂದಿನಂತೆ ತೆರೆದುಕೊಂಡಿತು. ಅವಳು ಅದರಲ್ಲೇ ಕೂತು ಆಲ್ಬಮ್ಮಿನ ಕೆಲಸ ಮುಗಿಸಿದಳು. ನೆಟ್ ಸರಿಯಾದ ಮೇಲೆ ದೇರಪ್ಪ ಮನೆಗೇ ಬಂದು, ಎಲ್ಲರೂ ಇಟ್ಟುಕೊಂಡಿರುವುದು ಬಾಡಿಗೆಯದೇ, ಕೆಲಸ ಬೇಗ ಆಗುತ್ತದೆ, ಯೋಚನೆ ಮಾಡು ಎಂದ.

"ಬೇಗ ಆಗ್ತದೆ, ಒಪ್ತೀನಿ ದೇರಪ್ಪಣ್ಣ" ಎಂದಳು ಅವಳು. "ಆದ್ರೆ ನನ್ನ ಕೋಣೆ ಬೀಗದ ಕೈ ಮಳೆಗಾಲದಲ್ಲಿ ಇನ್ನೊಬ್ಬರ ಹತ್ರ ಇರೋದು ನಂಗೆ ಬೇಡ. ಇದನ್ನೇ ಕಲೀತೀನಿ."

ದೇರಪ್ಪ ಕಾಫಿ ಕುಡಿದು, ಕಲಿತ ಮೇಲೆ ನನಗೂ ಹೇಳಿಕೊಡು ಎಂದು ಹೋದ.

ಶ್ರಾವಣ ಹುಟ್ಟುವ ಮುಂಚೆ ಮಹಾದೇವಮ್ಮ ಮಗಳನ್ನು ಕರೆದುಕೊಂಡು ಬಂದಳು. ಜಗುಲಿಯಲ್ಲಿ ಕೂತು ಆಲ್ಬಮ್ಮನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಹಾಳೆ ತಿರುವಿದಳು. ಧಾರೆಯ ಫೋಟೋ ಬಂದಾಗ ತಿರುವುವುದು ನಿಲ್ಲಿಸಿದಳು. ಹರ್ಷಿತಾಳ ಮೈಬಣ್ಣ ಎಣ್ಣೆಗಪ್ಪು. ಫೋಟೋದಲ್ಲೂ ಎಣ್ಣೆಗಪ್ಪೇ ಇತ್ತು, ಕೆನ್ನೆಯ ಮೇಲೆ ಬೆಳಕು ಬಿದ್ದು ಹೊಳೆಯುತ್ತಿತ್ತು. ಮಹಾದೇವಮ್ಮ ಫೋಟೋ ನೋಡಿದಳು, ಎದುರಿಗೆ ನಿಂತಿದ್ದ ಮಗಳನ್ನು ನೋಡಿದಳು.

"ಅರಿಸ್ನ ತೊಳ್ಕಂಡು ಬಂದವ್ಳೆ" ಎಂದಳು. ಆಮೇಲೆ ಕವನಾಳ ಕಡೆ ತಿರುಗಿ, "ಇವಳು ನಮ್ಮವಳೇ ಕಣವ್ವ" ಎಂದಳು.

ಆ ಆಲ್ಬಮ್ ಬೀಗರ ಮನೆಯಿಂದ ಅವರ ನೆಂಟರ ಮನೆಗೆ, ಅಲ್ಲಿಂದ ಇನ್ನೆಲ್ಲಿಗೋ ಹೋಯಿತು. ಈಗ ಬಾಳೆಲೆ ಊರಿನ ಕಡೆಯಿಂದ ಒಂದು ಮದುವೆಯ ಫೋಟೋ ತೆಗೆಯಲು ಕರೆ ಬಂದಿದೆ. ದೊಡ್ಡ ಮನೆಯಂತೆ, ಎರಡು ದಿನದ ಕೆಲಸ. ಕೋಣೆಯ ಬಾಗಿಲ ಮೇಲೆ ಅವಳು ಬೋರ್ಡನ್ನೂ ಹಾಕಿಸಿದ್ದಾಳೆ.

ನಿನ್ನೆ ಸಂಜೆ ಚೀಲ ಜೋಡಿಸುತ್ತಿದ್ದಳು. ನಾನು ಮಡಿಸಿದ ಪಂಚೆ ತಂದು ಅವಳ ಮುಂದಿಟ್ಟೆ. ಅವಳು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬೂದು ಕಾರ್ಡು ತೆಗೆದು ನನ್ನ ಕೈಯಲ್ಲಿ ಇಟ್ಟಳು.

"ಪಂಚೆ ಮನೇಲಿರ್ಲಿ ಅಜ್ಜಿ. ಇದನ್ನ ಅಲ್ಲಾಡದ ಹಾಗೆ ಹಿಡಿಯೋರು ಬೇಕು. ಬಾಳೆಲೆಗೆ ಬರ್ತೀರಾ?"